ಯೋಗದ ಚಾಪೆ ಮತ್ತು ಸಕ್ಕರೆಯ ಲೆಕ್ಕ



ಅಬುಧಾಬಿಯ ಸರ್ಕಾರಿ ಫಲಕಗಳಲ್ಲಿ ಈ ಬಡಾವಣೆಯ ಹೆಸರು ಅಲ್ ಝಾಹಿಯಾ. ಕನ್ನಡಿಗರ, ತುಳುವರ, ಬ್ಯಾರಿಗಳ, ಕೊಂಕಣಿಗರ ಬಾಯಲ್ಲಿ ಮಾತ್ರ ಅದು ಇಂದಿಗೂ ಟೂರಿಸ್ಟ್ ಕ್ಲಬ್ ಏರಿಯಾ. ಇಲ್ಲಿಯ ಬಹುಮಹಡಿ ಕಟ್ಟಡಗಳಲ್ಲಿ ಕುಟುಂಬ ಸಮೇತ ನೆಲೆಸಿರುವ ಎಂಜಿನಿಯರರಿದ್ದಾರೆ. ಬೆಡ್‌ಸ್ಪೇಸ್ ಹಿಡಿದು ಒಂದೇ ಕೋಣೆಯನ್ನು ಹಲವರೊಡನೆ ಹಂಚಿಕೊಂಡಿರುವ ಅಂಗಡಿ ನೌಕರರೂ ಇದ್ದಾರೆ. ಸಂಬಳ, ಊಟ, ನಿದ್ದೆ ಯಾವುದರಲ್ಲೂ ಹೋಲಿಕೆಯಿಲ್ಲದ ಈ ಎರಡು ಬಗೆಯ ಬದುಕುಗಳಿಗೂ ಒಂದೇ ಉಪದೇಶ ತಲುಪುತ್ತಿದೆ: ದಿನಾ ಯೋಗ ಮಾಡಿದರೆ ಶುಗರ್ ಹತ್ತಿರ ಸುಳಿಯುವುದಿಲ್ಲ.

ಈ ಮಾತಿನಲ್ಲಿ ಸತ್ಯದ ಒಂದು ಪಾಲು ಇದೆ. ಆ ಪಾಲು ಎಷ್ಟು ಎಂಬುದನ್ನು ಅಳೆಯದೆ ಹೋದರೆ ಆಗುವ ಹಾನಿ ಸಣ್ಣದಲ್ಲ. ದಿನವೂ ಬೆಳಗ್ಗೆ ಸೂರ್ಯನಮಸ್ಕಾರ ಮಾಡುವವರು ರಕ್ತಪರೀಕ್ಷೆ ತಮಗೆ ಬೇಕಿಲ್ಲವೆಂದು ಸುಮ್ಮನಿರುತ್ತಾರೆ. ಕಾಯಿಲೆ ಬಂದದ್ದು ತಿಳಿದಾಗ ಅದನ್ನು ತಮ್ಮ ಶಿಸ್ತಿನ ಸೋಲೆಂದು ಭಾವಿಸಿ ಮುಚ್ಚಿಡುತ್ತಾರೆ. ಹನ್ನೆರಡು ಗಂಟೆ ದುಡಿದು ಬಂದು ಚಾಪೆ ಹಾಸಲು ಜಾಗವಿಲ್ಲದ ಕೋಣೆಯಲ್ಲಿ ಮಲಗುವವರು, ಕಾಯಿಲೆ ತಮ್ಮ ಸೋಮಾರಿತನಕ್ಕೆ ಸಿಕ್ಕ ಶಿಕ್ಷೆಯೆಂದು ನಂಬತೊಡಗುತ್ತಾರೆ. ಆದ್ದರಿಂದ ಯೋಗ ಮಾಡುವವರಿಗೆ ಸಕ್ಕರೆ ಕಾಯಿಲೆಯ ಅಪಾಯ ನಿಜಕ್ಕೂ ಎಷ್ಟು ಕಡಿಮೆಯಾಗುತ್ತದೆ, ಎಷ್ಟು ಉಳಿಯುತ್ತದೆ, ಉಳಿದದ್ದು ಎಲ್ಲಿಂದ ಬರುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಬಿಡಿಸಿ ನೋಡುವುದು ಅಗತ್ಯ.

ಮೊದಲು ಕಾಯಿಲೆಯ ಹರವು. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ, ಸುಮಾರು 13.6 ಕೋಟಿ ಮಂದಿ ಪೂರ್ವ ಮಧುಮೇಹದ ಹಂತದಲ್ಲಿದ್ದಾರೆ. ರಕ್ತದ ಸಕ್ಕರೆ ಸಹಜ ಮಟ್ಟವನ್ನು ದಾಟಿ, ಕಾಯಿಲೆಯ ಗೆರೆಯನ್ನು ಇನ್ನೂ ಮುಟ್ಟದ ಸ್ಥಿತಿಯೇ ಪೂರ್ವ ಮಧುಮೇಹ. ಯೋಗದ ಪ್ರಯೋಜನವನ್ನು ಕುರಿತ ಅತಿ ಮುಖ್ಯ ಪ್ರಯೋಗ ನಡೆದಿರುವುದು ಈ ಹಂತದವರ ಮೇಲೆಯೇ. ಭಾರತದ ಹಲವು ಕೇಂದ್ರಗಳಲ್ಲಿ, ಪೂರ್ವ ಮಧುಮೇಹವಿದ್ದ ಸಾವಿರದ ಆಸುಪಾಸಿನಷ್ಟು ಮಂದಿಯನ್ನು ಎರಡು ಗುಂಪು ಮಾಡಿ, ಆಹಾರ ಮತ್ತು ವ್ಯಾಯಾಮದ ಸಾಮಾನ್ಯ ಸಲಹೆಯನ್ನು ಎರಡೂ ಗುಂಪಿಗೆ ಕೊಟ್ಟು, ಒಂದು ಗುಂಪಿಗೆ ಅದರ ಜೊತೆ ಯೋಗವನ್ನೂ ಕಲಿಸಿ, ಮೂರು ವರ್ಷ ಗಮನಿಸಲಾಯಿತು. ಯೋಗ ಮಾಡಿದವರಲ್ಲಿ ಮಧುಮೇಹಕ್ಕೆ ಜಾರುವ ಅಪಾಯ ಸುಮಾರು ಶೇಕಡ 40ರಷ್ಟು ಕಡಿಮೆಯಾಯಿತು. 2025ರಲ್ಲಿ ಭಾರತದ ಪತ್ರಿಕೆಗಳಲ್ಲೆಲ್ಲ ಓಡಾಡಿದ ಅಂಕಿ ಇದು.

ಇದು ಸಣ್ಣ ಸಾಧನೆಯಲ್ಲ. ಆದರೆ ಶೇಕಡ 40 ಕಡಿತವೆಂದರೆ ಏನು? ನೂರು ಮಂದಿಯಲ್ಲಿ 20 ಮಂದಿಗೆ ಬರಬೇಕಿದ್ದ ಕಾಯಿಲೆ 12 ಮಂದಿಗೆ ಬರುತ್ತದೆ ಎಂದು ಅರ್ಥ. ಎಂಟು ಮಂದಿ ಪಾರಾದರು. ಚಾಪೆಯ ಮೇಲೆಯೇ ಇದ್ದ ಹನ್ನೆರಡು ಮಂದಿ ಪಾರಾಗಲಿಲ್ಲ. ಪತ್ರಿಕೆಯ ಶೀರ್ಷಿಕೆ ಎಂಟರ ಕಥೆಯನ್ನು ಹೇಳುತ್ತದೆ. ಹನ್ನೆರಡರ ಕಥೆಯನ್ನು ಯಾರಾದರೂ ಹೇಳಲೇಬೇಕು.

ಇದೇ ಪಾಠವನ್ನು ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಸ್ಪಷ್ಟವಾಗಿ ಕಲಿಸುತ್ತದೆ. ಅಲ್ಲಿ ಯೋಗವಿರಲಿಲ್ಲ, ಆಹಾರದ ನಿಯಮ ಮತ್ತು ನಡಿಗೆ ಇದ್ದವು. ಅಪಾಯದ ಅಂಚಿನಲ್ಲಿದ್ದ 531 ಮಂದಿಯನ್ನು ಸುಮಾರು ಎರಡೂವರೆ ವರ್ಷ ಗಮನಿಸಿದಾಗ, ಸಾಮಾನ್ಯ ಸಲಹೆ ಪಡೆದ ಗುಂಪಿನಲ್ಲಿ ನೂರಕ್ಕೆ 55 ಮಂದಿ ಮಧುಮೇಹಿಗಳಾದರು. ಜೀವನಶೈಲಿ ತಿದ್ದಿಕೊಂಡ ಗುಂಪಿನಲ್ಲಿ ಆ ಸಂಖ್ಯೆ ನೂರಕ್ಕೆ 39. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಇಂಥದೇ ಪ್ರಯೋಗದಲ್ಲಿ ಅಪಾಯ ಶೇಕಡ 58ರಷ್ಟು ಇಳಿದಿತ್ತು. ಚೆನ್ನೈನಲ್ಲಿ ಇಳಿದದ್ದು ಶೇಕಡ 28.5 ಮಾತ್ರ. ಹೇಳಿದ್ದನ್ನು ಪಾಲಿಸುವ ಗುಂಪಿನಲ್ಲಿದ್ದೂ ಐವರಲ್ಲಿ ಇಬ್ಬರು ಕಾಯಿಲೆಗೆ ತುತ್ತಾದರೆಂದರೆ, ಅದನ್ನು ವ್ಯಕ್ತಿಯ ಶಿಸ್ತಿನ ಕೊರತೆ ಎಂದು ಕರೆಯುವುದು ವಿಜ್ಞಾನಕ್ಕೂ ಮನುಷ್ಯತ್ವಕ್ಕೂ ಮಾಡುವ ಅನ್ಯಾಯ.

ಇನ್ನೊಂದು ಎಚ್ಚರಿಕೆಯೂ ಬೇಕು. ಊರಿನಲ್ಲಿ ಯೋಗ ಮಾಡುವವರನ್ನೂ ಮಾಡದವರನ್ನೂ ಸುಮ್ಮನೆ ಹೋಲಿಸಿ, ಮಾಡುವವರಲ್ಲಿ ಕಾಯಿಲೆ ಕಡಿಮೆ ಎಂದು ತೋರಿಸುವ ಸಮೀಕ್ಷೆಗಳಿವೆ. ಯೋಗತರಗತಿಗೆ ತಪ್ಪದೆ ಬರುವವರು ಬಹುಮಟ್ಟಿಗೆ ಬಿಡುವಿರುವವರು, ಧೂಮಪಾನ ಮಾಡದವರು, ಆಹಾರದ ಬಗ್ಗೆ ಎಚ್ಚರವುಳ್ಳವರು, ರಾತ್ರಿ ನಿದ್ದೆ ಮಾಡಬಲ್ಲವರು. ಯೋಗ ಅವರನ್ನು ಕಾಪಾಡಿತೋ, ಬಿಡುವು ಕಾಪಾಡಿತೋ ಎಂಬುದನ್ನು ಅಂಥ ಹೋಲಿಕೆ ಬೇರ್ಪಡಿಸಲಾರದು.

ಯೋಗ ಕೆಲಸ ಮಾಡುವ ಬಗೆಯಲ್ಲಿ ಪವಾಡವೇನೂ ಇಲ್ಲ. ಎರಡನೆಯ ಬಗೆಯ ಮಧುಮೇಹದಲ್ಲಿ ದೇಹದ ಸ್ನಾಯು ಮತ್ತು ಯಕೃತ್ತು ಇನ್ಸುಲಿನ್ನಿನ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಮೇದೋಜೀರಕ ಗ್ರಂಥಿ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸಿ ಕಡೆಗೆ ದಣಿಯುತ್ತದೆ. ದುಡಿಯುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೂ ಸಕ್ಕರೆಯನ್ನು ಒಳಗೆಳೆದುಕೊಳ್ಳಬಲ್ಲದು. ಉಸಿರಾಟದ ಅಭ್ಯಾಸ, ವಿಶ್ರಾಂತಿ, ಒಳ್ಳೆಯ ನಿದ್ದೆ ಇವು ಕಾರ್ಟಿಸಾಲಿನಂಥ ಒತ್ತಡದ ಹಾರ್ಮೋನುಗಳನ್ನು ತಗ್ಗಿಸಲು ನೆರವಾಗುತ್ತವೆ. ಆದರೆ ಶಕ್ತಿಯ ಖರ್ಚಿನ ಲೆಕ್ಕದಲ್ಲಿ ಹಠಯೋಗದ ಸಾಮಾನ್ಯ ಅಭ್ಯಾಸ ಸುಮ್ಮನೆ ಕುಳಿತಿರುವುದಕ್ಕಿಂತ ಸುಮಾರು ಎರಡೂವರೆ ಪಟ್ಟು ಮಾತ್ರ. ಬಿರುಸಿನ ನಡಿಗೆ ನಾಲ್ಕು ಪಟ್ಟಿಗೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಬಿರುಸಿನ ಚಟುವಟಿಕೆಯನ್ನೂ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಹೇಳುತ್ತದೆ. ನಿಧಾನದ ಆಸನ, ಪ್ರಾಣಾಯಾಮ, ಶವಾಸನಗಳ ಮುಂಜಾವು ಮನಸ್ಸಿಗೆ ಎಷ್ಟೇ ಹಿತವಾದರೂ ಈ ಲೆಕ್ಕವನ್ನು ಒಂದೇ ತುಂಬಿಕೊಡಲಾರದು.

ಇನ್ನು ಉಳಿಯುವ ಅಪಾಯ ಎಲ್ಲಿಂದ ಬರುತ್ತದೆ? ಅದರ ಒಂದು ಬೇರು ಮೈಸೂರಿನಲ್ಲೇ ಸಿಗುತ್ತದೆ. 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಒಡೆಯರ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರ ಯೋಗಶಾಲೆ ನಡೆಯುತ್ತಿತ್ತು. ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, ಹಾಸನದ ಬಳಿಯ ಕೌಶಿಕದ ಪಟ್ಟಾಭಿ ಜೋಯಿಸ್ ಅವರ ಶಿಷ್ಯರು. ಇಂದು ನ್ಯೂಯಾರ್ಕಿನಿಂದ ಅಬುಧಾಬಿಯವರೆಗೆ ಕಲಿಸಲಾಗುವ ಆಸನಾಭ್ಯಾಸದ ದೊಡ್ಡ ಪಾಲು ಆ ಶಾಲೆಯಿಂದ ಹರಿದುಬಂದದ್ದು. ಕೃಷ್ಣಮಾಚಾರ್ಯರು ತಮ್ಮ ‘ಯೋಗ ಮಕರಂದ’ವನ್ನು ಕನ್ನಡದಲ್ಲಿಯೇ ಬರೆದರು, ಅದು ಪ್ರಕಟವಾದದ್ದು 1934ರಲ್ಲಿ.

ಅದೇ ಊರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟ ದಾಖಲೆಗಳಿದ್ದವು. ಸಂಶೋಧಕರ ಕೈಗೆ ಸಿಕ್ಕ ಆ ದಾಖಲೆಗಳು ಆರಂಭವಾಗುವುದೂ 1934ರಿಂದಲೇ. ದಶಕಗಳ ನಂತರ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು, ಆ ಶಿಶುಗಳಲ್ಲಿ ಮೈಸೂರಿನಲ್ಲಿಯೇ ಉಳಿದು ನಡುವಯಸ್ಸು ತಲುಪಿದ್ದ ಐನೂರಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿದರು. 1998ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹುಟ್ಟುವಾಗ ಉದ್ದ ಕಡಿಮೆಯಿದ್ದು ಆ ಉದ್ದಕ್ಕೆ ಹೋಲಿಸಿದರೆ ದಪ್ಪಗಿದ್ದವರಲ್ಲಿ, ಹೆಚ್ಚು ತೂಕದ ತಾಯಂದಿರಿಗೆ ಹುಟ್ಟಿದವರಲ್ಲಿ ಮಧುಮೇಹ ಹೆಚ್ಚಾಗಿ ಕಂಡಿತು. ಅಂದರೆ ಮೊದಲ ಆಸನ ಕಲಿಯುವ ಎಷ್ಟೋ ವರ್ಷ ಮುಂಚೆ, ತಾಯಿಯ ಗರ್ಭದಲ್ಲಿಯೇ, ಅಪಾಯದ ಒಂದು ಪಾಲು ದೇಹದಲ್ಲಿ ಬರೆಯಲ್ಪಟ್ಟಿರುತ್ತದೆ. ಒಂದೇ ಊರು ಬಳುಕುವ ದೇಹದ ಶಾಸ್ತ್ರವನ್ನೂ ಬರೆಯಿತು, ಆ ದೇಹದ ಮಿತಿಯ ದಾಖಲೆಯನ್ನೂ ಕಾಪಾಡಿತು. ಮೊದಲನೆಯದರ ಕೀರ್ತಿ ಲೋಕಕ್ಕೆಲ್ಲ ಹರಡಿದೆ. ಎರಡನೆಯದು ಕನ್ನಡಿಗರಲ್ಲೇ ಬಹುಮಂದಿಗೆ ತಿಳಿದಿಲ್ಲ.

ದೇಹದ ಹೊರನೋಟ ಎಷ್ಟು ವಂಚಿಸಬಲ್ಲದು ಎಂಬುದಕ್ಕೆ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ದೇಹಗಳನ್ನು ಸಾಕ್ಷಿಯಾಗಿ ಒಡ್ಡಿದರು. ಎತ್ತರಕ್ಕೆ ತಕ್ಕ ತೂಕದ ಸೂಚಿ, ಅಂದರೆ ಬಿಎಂಐ, ಇಬ್ಬರಿಗೂ 22.3. ಆದರೆ ಯುಡ್ಕಿನ್ನರ ದೇಹದಲ್ಲಿ ಕೊಬ್ಬು ಶೇಕಡ 9.1, ಯಾಜ್ಞಿಕರ ದೇಹದಲ್ಲಿ ಶೇಕಡ 21.2. ತೆಳ್ಳಗೆ ಕಾಣುವ ದಕ್ಷಿಣ ಏಷ್ಯಾದ ದೇಹ ಹೊಟ್ಟೆಯ ಒಳಗೂ ಕೊಬ್ಬನ್ನು ಅಡಗಿಸಿಟ್ಟುಕೊಳ್ಳುತ್ತದೆ. ಈ ಕಾರಣಕ್ಕಾಗಿಯೇ ಭಾರತೀಯರಿಗೆ ಬಿಎಂಐ 25ರ ಬದಲು 23 ದಾಟಿದರೇ ಎಚ್ಚರ ಬೇಕೆನ್ನುತ್ತಾರೆ. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಬಾರದೆನ್ನುತ್ತಾರೆ. ಕಾಲ್ಬೆರಳು ಮುಟ್ಟುವಷ್ಟು ಬಳುಕುವ ಬೆನ್ನು ಯಕೃತ್ತಿನೊಳಗಿನ ಕೊಬ್ಬಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಮತ್ತೊಂದು ಬೇರು ದುಡಿಮೆಯ ನೆಲದಲ್ಲಿದೆ. ಯುಎಇಯಲ್ಲಿರುವ ದಕ್ಷಿಣ ಏಷ್ಯಾದ ಪುರುಷ ವಲಸಿಗರನ್ನು ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ನಾಡಿನಲ್ಲಿ ಕಳೆದ ವರ್ಷಗಳು ಹೆಚ್ಚಿದಂತೆ ಬೊಜ್ಜು ಮತ್ತು ರಕ್ತದೊತ್ತಡದ ಅಪಾಯವೂ ಹೆಚ್ಚುವುದನ್ನು ತೋರಿಸಿತು. ಇದರಲ್ಲಿ ಅಚ್ಚರಿಯೇನಿದೆ? ಊರಿನಲ್ಲಿ ಕುಚ್ಚಲಕ್ಕಿ ಗಂಜಿ, ಹುರುಳಿ, ಸೊಪ್ಪು, ಮೀನಿನ ಸಾರು ಉಂಡ ದೇಹ ಇಲ್ಲಿ ಮೆಸ್ಸಿನ ಬಿಳಿ ಅನ್ನ, ಮೈದಾ ಪರೋಟ, ಕುಬೂಸುಗಳಿಗೆ ಒಗ್ಗಿಕೊಳ್ಳುತ್ತದೆ. ಪಾಳಿಯ ನಡುವೆ ಎಚ್ಚರವಾಗಿಡುವುದು ಕಫ್ತೀರಿಯಾದ ಸಿಹಿ ಕರಕ್ ಚಹಾ. ದಿನಕ್ಕೆ ಮೂರೋ ನಾಲ್ಕೋ. ಬೇಸಿಗೆಯಲ್ಲಿ ಹೊರಗೆ ನಡೆಯುವುದು ಕಷ್ಟ: ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನಲ್ಲಿ ದುಡಿಸಬಾರದೆಂದು ಸರ್ಕಾರವೇ ನಿಯಮ ಮಾಡಿರುವಷ್ಟು ಕಷ್ಟ. ಆ ಬಿಸಿಲಿನಲ್ಲಿ ಬಾಯಾರಿಕೆ, ಆಯಾಸ ಯಾರಿಗಿಲ್ಲ? ಸಕ್ಕರೆ ಕಾಯಿಲೆಯ ಮೊದಲ ಲಕ್ಷಣಗಳೂ ಅವೇ ಆಗಿರುವುದರಿಂದ ಕಾಯಿಲೆ ಇಲ್ಲಿ ಹವೆಯ ಮರೆಯಲ್ಲಿ ಅಡಗಿ ಬೆಳೆಯುತ್ತದೆ.

ರಾತ್ರಿಪಾಳಿಯ ಮಾತನ್ನೂ ಬಿಡುವಂತಿಲ್ಲ. ಕರಾವಳಿಯಿಂದ ಬಂದ ದಾದಿಯರು, ಕಾವಲುಗಾರರು, ಹೋಟೆಲ್ ನೌಕರರು ಹಗಲು ಮಲಗಿ ರಾತ್ರಿ ದುಡಿಯುತ್ತಾರೆ. ಅಮೆರಿಕದ ದಾದಿಯರನ್ನು ದಶಕಗಳ ಕಾಲ ಗಮನಿಸಿದ ಅಧ್ಯಯನವೊಂದು, ಸರದಿಯ ರಾತ್ರಿಪಾಳಿಯ ವರ್ಷಗಳು ಹೆಚ್ಚಿದಂತೆ ಮಧುಮೇಹದ ಅಪಾಯವೂ ಮೆಟ್ಟಿಲು ಮೆಟ್ಟಿಲಾಗಿ ಏರುವುದನ್ನು 2011ರಲ್ಲಿ ತೋರಿಸಿತು; ತೂಕದ ಏರಿಕೆ ಅದರ ಒಂದು ಪಾಲನ್ನಷ್ಟೇ ವಿವರಿಸಿತು. ಬೆಳಗ್ಗೆ ಏಳಕ್ಕೆ ಪಾಳಿ ಮುಗಿಸಿ ಬಂದವಳಿಗೆ ಐದಕ್ಕೆದ್ದು ಪ್ರಾಣಾಯಾಮ ಮಾಡೆಂದು ಹೇಳುವ ಉಪದೇಶಕ್ಕೆ ಅವಳ ಗಡಿಯಾರದ ಪರಿಚಯವಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಕನ್ನಡದಲ್ಲಿದೆ. ಉಣ್ಣುವವನೇ ತನ್ನ ಊಟವನ್ನು ಆರಿಸಿಕೊಳ್ಳುತ್ತಾನೆ ಎಂಬುದು ಅದರ ನಂಬಿಕೆ. ತಿಂಗಳ ಹಣ ಕಟ್ಟಿ ಮೆಸ್ಸಿನಿಂದ ಡಬ್ಬಿ ತರಿಸುವವನು, ಆರು ಮಂದಿಗೆ ಒಂದೇ ಒಲೆ ಇರುವ ಫ್ಲ್ಯಾಟಿನಲ್ಲಿರುವವನು ಊಟವನ್ನು ಬಲ್ಲವನಾದರೂ ಆಳಬಲ್ಲವನಲ್ಲ.

ಯೋಗದ ರಾಜಕಾರಣ ಆರಂಭವಾಗುವುದು ಇಲ್ಲಿಯೇ. ವಿಶ್ವಸಂಸ್ಥೆ 2014ರ ಡಿಸೆಂಬರ್ 11ರಂದು, 177 ದೇಶಗಳ ಸಹಪ್ರಾಯೋಜಕತ್ವದಲ್ಲಿ, ಜೂನ್ 21ನ್ನು ಅಂತಾರಾಷ್ಟ್ರೀಯ ಯೋಗ ದಿನವೆಂದು ಘೋಷಿಸಿತು. ಅಂದಿನಿಂದ ಯೋಗ ರಾಷ್ಟ್ರಗೌರವದ ಗುರುತಾಗಿದೆ. ಗೌರವಕ್ಕೆ ಆಕ್ಷೇಪವಿಲ್ಲ. ಆದರೆ ಆರೋಗ್ಯ ಪ್ರತಿಯೊಬ್ಬನ ಸ್ವಂತ ಶಿಸ್ತಿನ ಫಲ ಎಂಬ ಭಾವನೆ ಬಲಿತಷ್ಟೂ ಸರ್ಕಾರದ, ಮಾಲೀಕರ, ಆಹಾರೋದ್ಯಮದ ಹೊಣೆ ಹಗುರವಾಗುತ್ತದೆ. ಯುಎಇ ಸರ್ಕಾರ 2017ರಲ್ಲಿ ಗ್ಯಾಸು ತುಂಬಿದ ತಂಪು ಪಾನೀಯಗಳಿಗೆ ಶೇಕಡ 50, ಎನರ್ಜಿ ಡ್ರಿಂಕುಗಳಿಗೆ ಶೇಕಡ 100 ಅಬಕಾರಿ ತೆರಿಗೆ ಹಾಕಿ, 2019ರ ಕೊನೆಯಲ್ಲಿ ಇತರ ಸಿಹಿ ಪಾನೀಯಗಳಿಗೂ ಅದನ್ನು ವಿಸ್ತರಿಸಿತು. ಕೋಟಿ ಮಂದಿಗೆ ಸಂಯಮ ಬೋಧಿಸುವುದಕ್ಕಿಂತ ಬಾಟಲಿಯ ಬೆಲೆ ಏರಿಸುವುದು ಕೆಲವೊಮ್ಮೆ ದೊಡ್ಡ ಸಾರ್ವಜನಿಕ ಚಿಕಿತ್ಸೆಯಾಗುತ್ತದೆ.

ಹೊಣೆ ಹಗುರವಾದ ಜಾಗಕ್ಕೆ ವ್ಯಾಪಾರ ಬಂದು ಕೂರುತ್ತದೆ. ಮಧುಮೇಹವನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು ಭಾರತದಲ್ಲಿ 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ. ಆದರೂ ಅಂಥ ಜಾಹೀರಾತುಗಳು ವರ್ಷಗಟ್ಟಲೆ ನಡೆದವು. ಭಾರತೀಯ ವೈದ್ಯಕೀಯ ಸಂಘ 2022ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2024ರ ಏಪ್ರಿಲ್‌ನಲ್ಲಿ ಪತಂಜಲಿ ಸಂಸ್ಥೆ ಪತ್ರಿಕೆಗಳಲ್ಲಿ ಬಹಿರಂಗ ಕ್ಷಮೆ ಕೇಳಬೇಕಾಯಿತು. ಕ್ಷಮಾಪಣೆ ಒಂದೆರಡು ದಿನ ಅಚ್ಚಾಯಿತು. ಮಾತ್ರೆ ನಿಲ್ಲಿಸಿದವರ ಕಣ್ಣು, ಮೂತ್ರಪಿಂಡ, ಪಾದಗಳ ಲೆಕ್ಕ ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಪ್ರಗತಿಪರರು ಇದರ ಎದುರು ತುದಿಯ ತಪ್ಪಿಗೆ ಬೀಳಬಾರದು. ಪ್ರಭುತ್ವ ಯೋಗವನ್ನು ತನ್ನ ಬಾವುಟ ಮಾಡಿಕೊಂಡಿತೆಂಬ ಕಾರಣಕ್ಕೆ ಯೋಗವನ್ನೇ ಮೂದಲಿಸುವುದು, ಆ ಬಾವುಟಕ್ಕೆ ಅದನ್ನು ಪೂರ್ತಿ ಬಿಟ್ಟುಕೊಟ್ಟಂತೆ. ಮೈಸೂರಿನ ಶಾಲೆಯ ಆಸನಪದ್ಧತಿ ಅಂದಿನ ವ್ಯಾಯಾಮಶಾಲೆಗಳ, ಕುಸ್ತಿಯ, ಜಿಮ್ನ್ಯಾಸ್ಟಿಕ್ಸಿನ ಒಡನಾಟದಲ್ಲಿ ರೂಪುಗೊಂಡ ಬಗೆಯನ್ನು ನಾರ್ಮನ್ ಸ್ಯೋಮನ್ 1996ರಲ್ಲಿ, ಮಾರ್ಕ್ ಸಿಂಗಲ್ಟನ್ 2010ರಲ್ಲಿ ಬರೆದ ಪುಸ್ತಕಗಳು ಚರ್ಚಿಸಿವೆ. ಹೀಗೆ ಬೆರೆತು ಬೆಳೆದ ಅಭ್ಯಾಸ ಒಂದು ಮತದ, ಒಂದು ಪಕ್ಷದ ಸ್ವತ್ತಾಗಲಾರದು. ಮಂತ್ರ ಹೇಳಿಯೂ ಮಾಡಬಹುದು, ಹೇಳದೆಯೂ ಮಾಡಬಹುದು. ಸ್ನಾಯು ಸಕ್ಕರೆಯನ್ನು ಎಳೆದುಕೊಳ್ಳುವಾಗ ಮಾಡುವವರ ಮತವನ್ನು ಕೇಳುವುದಿಲ್ಲ. ಅಪಾಯವನ್ನು ಗಣನೀಯವಾಗಿ ಇಳಿಸುವ, ಯಂತ್ರವೂ ಮೈದಾನವೂ ಬೇಡದ ಅಭ್ಯಾಸವೊಂದು ಬೆಡ್‌ಸ್ಪೇಸಿನ ನೌಕರನಿಗೂ ದಕ್ಕುವಂತೆ ಮಾಡುವುದು ಎಡಪಂಥೀಯ ಕೆಲಸವೇ.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದು ರಕ್ತಪರೀಕ್ಷೆ. ಯೋಗ ಮಾಡುವವರೂ ಮಾಡದವರೂ 35 ದಾಟಿದ ಮೇಲೆ, ಮನೆತನದಲ್ಲಿ ಕಾಯಿಲೆ ಇದ್ದರೆ ಅಥವಾ ಬಸಿರಿನಲ್ಲಿ ಸಕ್ಕರೆ ಏರಿದ್ದರೆ ಅದಕ್ಕೂ ಮೊದಲೇ, ಪರೀಕ್ಷಿಸಿಕೊಳ್ಳಬೇಕು. ಖಾಲಿ ಹೊಟ್ಟೆಯ ಸಕ್ಕರೆ ಡೆಸಿಲೀಟರಿಗೆ 100ರಿಂದ 125 ಮಿಲಿಗ್ರಾಂ, ಅಥವಾ ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಅದು ಪೂರ್ವ ಮಧುಮೇಹ. 126 ಅಥವಾ 6.5 ಮುಟ್ಟಿದರೆ, ಮರುಪರೀಕ್ಷೆಯಲ್ಲಿ ಅದು ದೃಢಪಟ್ಟರೆ, ಮಧುಮೇಹ. ವೀಸಾಕ್ಕಾಗಿ ನಡೆಯುವ ವೈದ್ಯಕೀಯ ಪರೀಕ್ಷೆ ಎಚ್‌ಐವಿ, ಕ್ಷಯ ಮೊದಲಾದ ಸೋಂಕುಗಳನ್ನು ಹುಡುಕುತ್ತದೆಯೇ ಹೊರತು ಸಕ್ಕರೆಯನ್ನಲ್ಲ. ಆದ್ದರಿಂದ ಮೆಡಿಕಲ್ ಪಾಸಾಯಿತು ಎಂಬುದು ಆರೋಗ್ಯದ ಪ್ರಮಾಣಪತ್ರವಾಗದು. ಸಕ್ಕರೆ ಕಾಯಿಲೆ ಇದೆ ಎಂದು ವೀಸಾ ತಪ್ಪುವುದೂ ಇಲ್ಲ. ಈ ಎರಡು ಸಂಗತಿಗಳು ಕೋಣೆ ಕೋಣೆಗೆ ತಲುಪಬೇಕು. ಭಯದಿಂದ ಪರೀಕ್ಷೆ ತಪ್ಪಿಸುವವರು ಇನ್ನೂ ಇದ್ದಾರೆ.

ಎರಡನೆಯದು, ಮಾತ್ರೆ ಮತ್ತು ಯೋಗ ಒಂದರ ಜಾಗದಲ್ಲಿ ಇನ್ನೊಂದು ನಿಲ್ಲುವ ವಸ್ತುಗಳಲ್ಲ. ಅಭ್ಯಾಸದಿಂದ ಸಕ್ಕರೆ ಇಳಿದರೆ ಮಾತ್ರೆಯ ಪ್ರಮಾಣವನ್ನು ವೈದ್ಯರು ಇಳಿಸುತ್ತಾರೆ. ಆ ತೀರ್ಮಾನ ಯೋಗಗುರುವಿನದಲ್ಲ. ರಮದಾನಿನ ಉಪವಾಸ ಹಿಡಿಯುವ ಮಧುಮೇಹಿಗಳು ತಿಂಗಳಿಗೆ ಮುಂಚೆಯೇ ವೈದ್ಯರನ್ನು ಕಂಡು ಔಷಧದ ಹೊತ್ತನ್ನೂ ಪ್ರಮಾಣವನ್ನೂ ತಿದ್ದಿಸಿಕೊಳ್ಳಬೇಕು. ಶೀರ್ಷಾಸನದಲ್ಲಿ ಕಣ್ಣಿನೊಳಗಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ. ಮಧುಮೇಹದಿಂದ ಅಕ್ಷಿಪಟ ಹಾಳಾಗಿರುವವರು, ಕಣ್ಣಿನ ಪರೀಕ್ಷೆಯನ್ನೇ ಮಾಡಿಸದ ಮಧುಮೇಹಿಗಳು ತಲೆಕೆಳಗಾದ ಆಸನಗಳಿಂದ ದೂರವಿರಬೇಕು. ಪಾದದ ಸ್ಪರ್ಶ ಕುಂದಿದವರು ಒಂಟಿಕಾಲಿನ ಆಸನಗಳನ್ನು ಗೋಡೆಯ ಆಸರೆಯಿಲ್ಲದೆ ಮಾಡಬಾರದು.

ಮೂರನೆಯದು ಸಂಘಗಳ ಕೆಲಸ. ಜೂನ್ 21ರ ಬೆಳಗಿನ ಫೋಟೊಗೆ ಸಾಲಾಗಿ ಹಾಸುವ ಚಾಪೆಗಳ ಪಕ್ಕದಲ್ಲಿ ಸಕ್ಕರೆ ಪರೀಕ್ಷೆಯ ಮೇಜೊಂದನ್ನು ಇಡುವುದು ಕಷ್ಟವಲ್ಲ. ಪಾಳಿಯಲ್ಲಿ ದುಡಿಯುವವರಿಗೆ ಒಗ್ಗುವ ಹೊತ್ತಿನಲ್ಲಿ, ಮುಸಾಫಾದ ಕ್ಯಾಂಪುಗಳಿಗೇ ಹೋಗಿ ತರಗತಿ ನಡೆಸಬಹುದು. ಮೆಸ್ಸಿನವರೊಡನೆ ಕುಳಿತು ಬೇಳೆ, ತರಕಾರಿ ಹೆಚ್ಚಿಸಲು ಮಾತಾಡಬಹುದು. ಅಬುಧಾಬಿಯಲ್ಲಿ ಆರೋಗ್ಯ ವಿಮೆಯನ್ನು 2005ರ ಕಾನೂನು ಕಡ್ಡಾಯಗೊಳಿಸಿದೆ. ತಮ್ಮ ಕಾರ್ಡಿನಲ್ಲಿ ಯಾವ ಪರೀಕ್ಷೆ, ಯಾವ ಮಾತ್ರೆ ಸಿಗುತ್ತದೆ ಎಂಬುದನ್ನು ಓದಿ ಹೇಳುವವರು ನೌಕರರಿಗೆ ಬೇಕಾಗಿದ್ದಾರೆ. ಕೆಲಸ ಹೋದರೆ ವಿಮೆಯೂ ಹೋಗುತ್ತದೆ. ಊರಿಗೆ ಮರಳುವವರ ಕೈಯಲ್ಲಿ ಪರೀಕ್ಷೆಯ ವರದಿಗಳೂ, ಒಂದೆರಡು ತಿಂಗಳ ಮಾತ್ರೆಯೂ ಇರುವಂತೆ ನೋಡಿಕೊಳ್ಳುವುದು ಒಂದು ಸಂಘ ಮಾಡಬಹುದಾದ ದೊಡ್ಡ ಸೇವೆ.

ಯೋಗ ಮಾಡುವವರಿಗೂ ಸಕ್ಕರೆ ಕಾಯಿಲೆ ಬರುತ್ತದೆ, ಕಡಿಮೆ ಮಂದಿಗೆ ಬರುತ್ತದೆ. ಈ ವಾಕ್ಯದ ಎರಡು ಭಾಗಗಳನ್ನೂ ಒಟ್ಟಿಗೇ ಹೇಳುವ ಪ್ರಾಮಾಣಿಕತೆ ಬೇಕು. ಮೊದಲ ಭಾಗವನ್ನಷ್ಟೇ ಹೇಳಿದರೆ ನೆರವಾಗುವ ಅಭ್ಯಾಸವೊಂದು ಕೈತಪ್ಪುತ್ತದೆ. ಎರಡನೆಯದನ್ನಷ್ಟೇ ಹೇಳಿದರೆ ಕಾಯಿಲೆ ಬಂದವರು ಅಪರಾಧಿಗಳಾಗುತ್ತಾರೆ. ಕೋಣೆಯ ಗೆಳೆಯನೊಬ್ಬ ರಿಪೋರ್ಟು ಹಿಡಿದು ತಲೆ ತಗ್ಗಿಸಿ ಕುಳಿತರೆ, ನೀನು ಯೋಗ ಮಾಡುತ್ತಿದ್ದೆಯಾ ಎಂದು ಕೇಳುವ ಮೊದಲು, ಪಾಳಿ ಎಷ್ಟು ಹೊತ್ತು, ಊಟ ಎಲ್ಲಿ, ನಿದ್ದೆ ಎಷ್ಟು, ಡಾಕ್ಟರ ಬಳಿಗೆ ಜೊತೆಯಲ್ಲಿ ಬರಲೇ ಎಂದು ಕೇಳುವವರು ಟೂರಿಸ್ಟ್ ಕ್ಲಬ್ ಏರಿಯಾದ ಪ್ರತಿ ಕಟ್ಟಡದಲ್ಲೂ ಇರಲಿ.